ಡಬ್ಬಿಗಾಗಿ ಕಟ್ಟಿದ ಟ್ರಸ್ಟು

ವೆರ್ಲನ್ ಟ್ಯಾಕೆಟ್‌ನ ಬಲಗಿವಿ ಹೋಗಿ ಬಹಳ ಕಾಲವಾಗಿತ್ತು. ಎಡಗಿವಿಯೂ ಗಂಟುಮೂಟೆ ಕಟ್ಟುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆಯೇ ಅವನಿಗೆ ಹೆದರಿಕೆ ಹುಟ್ಟಿದ್ದು. ಅರ್ಧ ಆಯುಷ್ಯವನ್ನು ಕೌಂಟಿಯ ರಸ್ತೆ ಸಮಮಾಡುವ ಗ್ರೇಡರಿನ ಮೇಲೆ, ಉಳಿದರ್ಧವನ್ನು ರೈಫಲಿನ ಹಿಂದೆ ಕಳೆದವನಿಗೆ ಕಿವಿ ಉಳಿಯುವುದಾದರೂ ಹೇಗೆ? ಬಂದೂಕು ಬಿಟ್ಟುಬಿಡು ಅನ್ನುವುದು ಸುಲಭ. ಪೂರ್ವ ಒಕ್ಲಹೋಮದಲ್ಲಿ ಹುಲ್ಲು ಬೆಳೆಯುವವನಿಗೆ ಕಾಡುಹಂದಿ ದಾಯಾದಿ ಇದ್ದ ಹಾಗೆ, ಕರೆಯದೆ ಬರುತ್ತದೆ, ಇದ್ದದ್ದೆಲ್ಲ ತನ್ನದೆನ್ನುತ್ತದೆ. ಹಿಂಡು ಒಮ್ಮೆ ನುಗ್ಗಿದರೆ ಹುಲ್ಲುಗಾವಲು ಬೆಳಗಾಗುವುದರೊಳಗೆ ಉತ್ತ ಹೊಲವಾಗಿರುತ್ತದೆ.

ಬೇಟೆಯನ್ನು ಗಂಡಹೆಂಡಿರು ಸೇರಿಯೇ ಮಾಡುತ್ತಿದ್ದರು. ಹೆಂಡತಿ ಒಲೀಟಾಳ ಕಿವಿ ಚುರುಕು. ಸಂಜೆ ಜಗಲಿಯಲ್ಲಿ ಪಕ್ಕಪಕ್ಕ ಕೂತಾಗ ಹಂದಿ ಎಡಕ್ಕಿದ್ದರೆ ಅವಳು ಅವನ ಎಡಭುಜ ಮುಟ್ಟುವಳು, ಬಲಕ್ಕಿದ್ದರೆ ಬಲಭುಜ. ಅವನು ಕೆಲಸಕ್ಕೆ ಹೋದಾಗ ಅವಳೇ ತಿಜೋರಿ ತೆಗೆದು, ತನ್ನಪ್ಪನ ಹಳೆಯ ರೈಫಲಿನಿಂದ ಒಂದೆರಡನ್ನು ಉರುಳಿಸಿದ್ದೂ ಉಂಟು. ಗುರಿ ಅವಳದೇ ಚೆನ್ನ ಎಂದು ಊರಿಗೆಲ್ಲ ಗೊತ್ತಿತ್ತು, ವೆರ್ಲನ್ ಮಾತ್ರ ಒಪ್ಪುತ್ತಿರಲಿಲ್ಲ.

ಉಳಿದ ಕಿವಿಯನ್ನಾದರೂ ಕಾಪಾಡಿಕೋ, ಸೈಲೆನ್ಸರ್ ಹಾಕಿಸು ಎಂದವನು ಬಂದೂಕಿನಂಗಡಿಯ ಗೇಲನ್. ಅಲ್ಲಿನವರ ಬಾಯಲ್ಲಿ ಅದು ಬರೀ ‘ಡಬ್ಬಿ’. ಅದನ್ನು ಕೊಳ್ಳಲು ಕೇಂದ್ರ ಸರ್ಕಾರದ ಅಪ್ಪಣೆ ಬೇಕು, ಅದು ಬರುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕು.

“ನಿನ್ನೊಬ್ಬನ ಹೆಸರಲ್ಲಿ ತಗೊಂಡ್ರೆ ನೀನೊಬ್ನೇ ಮುಟ್ಟಬೇಕು ನೋಡು,” ಎಂದಿದ್ದ ಗೇಲನ್. “ನೀನಿಲ್ದಾಗ ಮಿಸ್ ಒಲೀಟಾ ಮುಟ್ಟಿದ್ರೆ ಕೇಂದ್ರದವರ ಕಣ್ಣಲ್ಲಿ ಅವರು ಅಪರಾಧಿ. ಒಂದು ಟ್ರಸ್ಟ್ ಮಾಡು. ಡಬ್ಬಿ ಟ್ರಸ್ಟಿಂದು, ನೀವಿಬ್ರೂ ಟ್ರಸ್ಟಿಗಳು. ನಾಳೆ ನೀನು ಗೊಟಕ್ ಅಂದ್ರೂ ಅವರಿಗೆ ತಾಪತ್ರಯ ಇಲ್ಲ.”

“ಸಾಯೋದಕ್ಕೆ ಮುಂಚೆ ಕೈಗೆ ಸಿಗತ್ತೋ ಇಲ್ವೋ ಅದನ್ನ ಹೇಳು.”

“ಅದು ಮಾತ್ರ ದೇವ್ರಿಗೂ ಗೊತ್ತಿಲ್ಲ ಮಾರಾಯ.”

ವೆರ್ಲನ್ನನಿಗೆ ಟ್ರಸ್ಟಿನ ಮಾತು ಹಿಡಿಸಿತು. ಮನೆ, ಟ್ರಕ್ಕು, ಬ್ಯಾಂಕಿನ ಖಾತೆ ಎಲ್ಲ ಜಂಟಿಯಾಗಿರುವಾಗ ಡಬ್ಬಿ ಯಾಕೆ ಬೇರೆ? ಬ್ಯಾಂಕಿನ ನೋಟರಿಯ ಮುಂದೆ ಇಬ್ಬರೂ ಸಹಿ ಹಾಕಿದರು. ಟ್ಯಾಕೆಟ್ ಕುಟುಂಬದ ಟ್ರಸ್ಟು ಹುಟ್ಟಿತು. ಗೇಲನ್ನನ ಅಂಗಡಿಗೆ ಬಂದು ಫೋಟೋ ತೆಗೆಸಿ, ಬೆರಳಚ್ಚು ಒತ್ತಿ, ಕೊನೆಗೆ ಒಬ್ಬೊಬ್ಬ ಟ್ರಸ್ಟಿಯೂ ಉತ್ತರಿಸಬೇಕಾದ ಪ್ರಶ್ನೆಗಳಿಗೆ ಬಂದರು. ವೆರ್ಲನ್ ತನ್ನದನ್ನು ಮುಗಿಸಿ, ಗಾಜಿನ ಕಪಾಟಿನಲ್ಲಿದ್ದ ಡಬ್ಬಿಯನ್ನು ಮದುಮಗಳನ್ನು ನೋಡುವಂತೆ ನೋಡುತ್ತ ನಿಂತ. ಒಲೀಟಾಳ ಪೆನ್ನು ಒಂದು ಕಡೆ ನಿಂತುಬಿಟ್ಟಿತು.

ಗಾಂಜಾ ಸೇವಿಸುತ್ತೀರಾ ಎಂಬುದು ಪ್ರಶ್ನೆ. ನಿಮ್ಮ ರಾಜ್ಯ ಅದಕ್ಕೆ ಒಪ್ಪಿದ್ದರೂ ಕೇಂದ್ರದ ಕಾನೂನು ಒಪ್ಪುವುದಿಲ್ಲ ಎಂದು ಕೆಳಗೇ ಬರೆದಿತ್ತು.

ಕ್ಯಾನ್ಸರ್ ವಾಸಿಯಾದರೂ ಅದರ ಔಷಧಿಯಿಂದಾಗಿ ಅವಳ ಪಾದದ ನರಗಳು ಸುಟ್ಟುಹೋಗಿದ್ದವು. ಕೆಂಡದ ಮೇಲೆ ನಿಂತ ಹಾಗೆ ಉರಿ. ನೋವಿನ ಮಾತ್ರೆ ನುಂಗಿದರೆ ವಾಂತಿ. ಔಷಧಿಯ ಗಾಂಜಾ ಕೊಳ್ಳಲು ರಾಜ್ಯ ಕೊಡುವ ಕಾರ್ಡು ಮಾಡಿಸಿ, ಹಸಿರು ಶಿಲುಬೆಯ ಫಲಕವಿರುವ ಅಂಗಡಿಗೆ ಅವಳನ್ನು ಕರೆದೊಯ್ದು ಗಾಂಜಾದ ಎಣ್ಣೆ ಕೊಡಿಸಿದವನು ವೆರ್ಲನ್ನನೇ. ನಾಲಿಗೆಯಡಿ ನಾಲ್ಕು ಹನಿ ಬಿಟ್ಟುಕೊಂಡರೆ ನಿದ್ದೆ ಬರುತ್ತಿತ್ತು. ಬ್ಯಾಪ್ಟಿಸ್ಟ್ ಚರ್ಚಿನ ಅರ್ಧ ಹೆಂಗಸರ ಪರ್ಸಿನಲ್ಲಿ ಆ ಕಾರ್ಡಿತ್ತು. ಗಾಂಜಾ ಎಂದರೆ ಪೋಲಿಗಳು ಸೇದುವುದು, ಇದು ಔಷಧಿ ಎಂದೇ ಅವರೆಲ್ಲ ನಂಬಿದ್ದರು. ಟ್ರಸ್ಟಿಗೆ ಹೆಸರು ಬರೆಸುವಾಗ ಗಂಡಹೆಂಡಿರಿಬ್ಬರಿಗೂ ಆ ಬಾಟಲಿಯ ನೆನಪೇ ಬಂದಿರಲಿಲ್ಲ.

“ಗೇಲನ್, ಇದು…” ಎಂದಳು ಒಲೀಟಾ.

ಗೇಲನ್ ಥಟ್ಟನೆ ಬಟ್ಟೆ ತೆಗೆದುಕೊಂಡು ಒರೆಸಿದ ಗಾಜನ್ನೇ ಒರೆಸತೊಡಗಿದ. “ಮಿಸ್ ಒಲೀಟಾ, ನೀವೀಗ ಬಾಯಿ ಬಿಟ್ರೆ ನಾನು ಕೇಳಿಸ್ಕೊಂಡ ಹಾಗಾಗತ್ತೆ. ಕೇಳಿಸ್ಕೊಂಡ್ಮೇಲೆ ನಾನು ಮಾರೋ ಹಾಗಿಲ್ಲ. ಇವತ್ತು ಮನೆಗೆ ಹೋಗಿ. ನಾನು ಯಾರ ವಿಷಯಾನೂ ಹೇಳ್ತಿಲ್ಲ, ಸುಮ್ನೆ ಲೋಕದ ಮಾತು: ಅದನ್ನ ತಗೊಳ್ಳೋರು ಡಬ್ಬಿ ಒಂದೇ ಅಲ್ಲ, ಯಾವ ಬಂದೂಕೂ ಮುಟ್ಟಬಾರದು.”

ಟ್ರಕ್ಕಿನಲ್ಲಿ ಕೂತ ಮೇಲೆ ವೆರ್ಲನ್ ಕೀಲಿ ತಿರುಗಿಸಲೇ ಇಲ್ಲ.

“ಇಲ್ಲ ಅಂತ ಬರೆದ್ಬಿಡ್ತೀನಿ. ಎಲ್ರೂ ಹಂಗೇ ಬರೆಯೋದು,” ಎಂದಳು ಅವಳು.

“ಸುಳ್ಳು ಬರೆದ್ರೆ ಜೈಲು ಕಣೆ. ನಿನ್ನ ಹೆಸರು ತೆಗೆಸ್ತೀನಿ.”

“ತೆಗೆಸಿ? ತಿಜೋರಿ ನಂಬರ್ ನನ್ನ ತಲೆಯೊಳಗಿದೆಯಲ್ಲ, ಅದನ್ನೂ ತೆಗೆಸ್ತೀಯಾ?”

“ನಂಬರ್ ಬದಲಾಯಿಸ್ಬೇಕಾಗತ್ತೆ.”

“ನನ್ನಪ್ಪನ ರೈಫಲ್ಲು ಅದರೊಳಗೇ ಇದೆ ವೆರ್ಲನ್. ನನ್ನ ಮನೇಲಿ ನನಗೆ ಗೊತ್ತಿಲ್ಲದ ನಂಬರು ಇರೋದಾದ್ರೆ ನಾನು ಬಾಡಿಗೆಗಿದೀನಾ?”

ಅವನು ಕೀಲಿ ತಿರುಗಿಸಿದ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ದಾರಿ ಕಂಡುಕೊಂಡವಳು ಒಲೀಟಾಳೇ. ಉಳಿದ ಹನಿಗಳನ್ನು ಸಿಂಕಿಗೆ ಸುರಿದಳು, ಕಾರ್ಡನ್ನು ಕತ್ತರಿಸಿ ಎಸೆದಳು. ಬೇಸಿಗೆ ಕಳೆದು ಹುಲ್ಲಿನ ಕೊನೆಯ ಕೊಯ್ಲು ಕಟ್ಟುವ ಹೊತ್ತಿಗೆ ಮತ್ತೆ ಅಂಗಡಿಗೆ ಹೋಗಿ, “ಈಗ ಸುಳ್ಳಲ್ಲ,” ಎಂದು ‘ಇಲ್ಲ’ ಬರೆದು ಸಹಿ ಹಾಕಿದಳು. ವೆರ್ಲನ್ನನಿಗೆ ಖುಷಿಯಾಯಿತು. ಆ ಖುಷಿಗೆ ಅವನು ಆಮೇಲೆ ಎಷ್ಟು ನಾಚಿಕೊಂಡನೋ ಅವನಿಗೇ ಗೊತ್ತು.

ಅರ್ಜಿ ಹೋಯಿತು. ಅದರ ಪ್ರತಿ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫನಿಗೂ ಹೋಗುವುದು ಪದ್ಧತಿ. ಅಂದಿನಿಂದ ಶೆರಿಫನ ಕಾರು ಎದುರಾದಾಗಲೆಲ್ಲ ಗ್ರೇಡರಿನ ಮೇಲಿದ್ದವನ ಎದೆ ಧಸಕ್ ಎನ್ನುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹನಿ ತೆಗೆದುಕೊಳ್ಳುತ್ತಿದ್ದ ಕಾಲದಲ್ಲೇ ಅವಳು ಹಂದಿ ಹೊಡೆದಿದ್ದಳಲ್ಲ, ಯಾರಾದರೂ ನೋಡಿದ್ದರೆ? ಹಸಿರು ಶಿಲುಬೆಯ ಅಂಗಡಿಯವರು ಹೆಸರು ಬರೆದಿಟ್ಟುಕೊಂಡಿದ್ದರೆ? ಶೆರಿಫ್ ಪಾಪ, ಕೈಬೀಸಿ ಹೋಗುತ್ತಿದ್ದ.

ಅಪ್ಪಣೆ ಬರುವವರೆಗೆ ಡಬ್ಬಿ ಅಂಗಡಿಯಲ್ಲೇ ಇರಬೇಕು. ವೆರ್ಲನ್ ಆಗಾಗ ಹೋಗಿ ನೋಡಿ ಬರುತ್ತಿದ್ದ. “ಜೈಲಲ್ಲಿರೋ ನೆಂಟನ್ನ ಮಾತಾಡ್ಸೋಕೆ ಬಂದ್ಯಾ? ಊಟಗೀಟ ತಂದಿದೀಯಾ?” ಎಂದು ಗೇಲನ್ ಕಿಚಾಯಿಸುತ್ತಿದ್ದ. ವೆರ್ಲನ್ನನಿಗೆ ನಗು ಬರುತ್ತಿರಲಿಲ್ಲ.

ಮನೆಯಲ್ಲಿ ಒಲೀಟಾ ಗೋಡೆ ಹಿಡಿದು ನಡೆಯತೊಡಗಿದ್ದಳು. ಕುರ್ಚಿಯ ಮುಂದೆ ಸದಾ ತಣ್ಣೀರಿನ ಟಬ್ಬು. ಮಲಗಿದಾಗ ಅವಳು ನರಳುತ್ತಿದ್ದಳೋ ಏನೋ, ಅವನ ಬಲಗಿವಿ ಸತ್ತದ್ದು, ಎಡಗಿವಿ ದಿಂಬಿನೊಳಗೆ. ಕೇಳಿದರೆ “ಚೆನ್ನಾಗಿದೀನಿ” ಎನ್ನುತ್ತಿದ್ದಳು. ಒಂದು ಭಾನುವಾರ ಚರ್ಚಿನಲ್ಲಿ ಹಾಡಿಗೆ ಎಲ್ಲರೂ ಎದ್ದು ನಿಂತರು, ಹಾಡುವುದರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಏಳಲಿಲ್ಲ. ಅವಳ ತುಟಿ ಬಿಗಿದಿತ್ತು, ಹಣೆಯಲ್ಲಿ ಬೆವರಿತ್ತು. ಅಪ್ಪಣೆಯೊಂದು ಬಂದುಬಿಡಲಿ, ಆಮೇಲೆ ಮತ್ತೆ ಶುರುಮಾಡಬಹುದು ಎಂದು ತನಗೆ ತಾನೇ ಹೇಳಿಕೊಂಡ. ಅದೊಂದೇ ಮಾತನ್ನು ಹಿಡಿದು ಅವನು ಚಳಿಗಾಲ ಕಳೆದ.

ಅಪ್ಪಣೆ ಬಂದದ್ದು ಅವನು ಗ್ರೇಡರಿನ ಮೇಲಿದ್ದಾಗ. ಫೋನು ಜೇಬಿನಲ್ಲಿ ಅದುರಿತು. ಕೆಲಸ ಅರ್ಧಕ್ಕೆ ಬಿಟ್ಟು ಅಂಗಡಿಗೆ ಓಡಿದ. ಗೇಲನ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ.

“ಅಂತೂ ಗೆದ್ವಲ್ಲ,” ಎಂದ ವೆರ್ಲನ್. “ಇನ್ನು ಅವಳು ಔಷಧಿ ತಗೋಬಹುದು, ಅಲ್ವಾ?”

ಗೇಲನ್ ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ. “ಆ ಪ್ರಶ್ನೆ ಸಹಿ ಹಾಕಿದ ದಿನಕ್ಕೆ ಮಾತ್ರ ಅಂದ್ಕೊಂಡ್ಯಾ?” ಎಂದ ಮೆಲ್ಲಗೆ. ವೆರ್ಲನ್ನನಿಗೆ ಕೇಳಿಸಲಿಲ್ಲ ಎಂದು ಗೊತ್ತಾಗಿ ಮತ್ತೆ ಗಟ್ಟಿಯಾಗಿ ಹೇಳಿದ. “ಈ ಡಬ್ಬಿ ಅವರ ಕೈಗೆ ಸಿಗೋವಷ್ಟು ದಿನಾನೂ ಅವರು ಆ ಔಷಧಿ ಮುಟ್ಟಬಾರದು. ಇವತ್ತೂ ಅಷ್ಟೇ, ಹತ್ತು ವರ್ಷ ಆದ್ಮೇಲೂ ಅಷ್ಟೇ. ನಾನು ವಕೀಲನಲ್ಲ, ಆದ್ರೆ ಇಷ್ಟು ಮಾತ್ರ ಗೊತ್ತು.”

ವೆರ್ಲನ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಒಲೀಟಾ ಟಬ್ಬಿನಲ್ಲಿ ಕಾಲಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು.

“ಡಬ್ಬಿ ಬೇಡ. ಹೋಗ್ಲಿ ಬಿಡು,” ಎಂದ.

ನಡೆದದ್ದನ್ನೆಲ್ಲ ಅವಳು ಬಾಯಿ ಬಿಡಿಸಿ ಕೇಳಿದಳು. ಆಮೇಲೆ ಅವನ ಎಡಗಡೆಗೆ ಬಾಗಿ ಹೇಳಿದಳು: “ನಿನ್ನ ಕಿವಿ ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ? ಗೋಡೆ ಹತ್ರಾನಾ? ನನ್ನ ಹೆಸರು ತೆಗೆಸು. ನಂಬರ್ ಬದಲಾಯಿಸು.”

“ನೀನೇ ಅಂದಿದ್ಯಲ್ಲ, ಬಾಡಿಗೆ ಗೀಡಿಗೆ ಅಂತ.”

“ಅಂದಿದ್ದೆ. ಈಗ ಕಾಲು ಉರೀತಿದೆ ವೆರ್ಲನ್. ತಡ್ಕೊಳ್ಳೋಕೆ ಆಗ್ತಿಲ್ಲ.”

ಇಷ್ಟು ತಿಂಗಳಲ್ಲಿ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅದೇ ನೋಟರಿಯ ಮುಂದೆ ಒಲೀಟಾಳ ಹೆಸರನ್ನು ಟ್ರಸ್ಟಿನಿಂದ ತೆಗೆಸಿದರು. ಹೊಸ ಕಾರ್ಡಿಗೆ ಬರೆದುಹಾಕಿದರು. ಉಳಿದದ್ದು ತಿಜೋರಿಯ ನಂಬರು. ಶನಿವಾರ ಮಧ್ಯಾಹ್ನ ಅವಳು, “ನಾನು ಜಗಲೀಲಿರ್ತೀನಿ, ನೀನು ಮುಗಿಸು,” ಎಂದು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ವೆರ್ಲನ್ ತಿಜೋರಿಯ ಅಂಕಿ ಗುಂಡಿಗಳ ಮುಂದೆ ಮಂಡಿಯೂರಿದ. ಮದುವೆಯ ದಿನ? ಅವಳಿಗೆ ಗೊತ್ತು. ಅವನಮ್ಮ ಹುಟ್ಟಿದ ವರ್ಷ? ಅವನೇ ಮರೆತಿದ್ದಾಗ ನೆನಪಿಸಿದ್ದು ಅವಳು. ಟ್ರಕ್ಕಿನ ನಂಬರು, ಸೈನ್ಯದಲ್ಲಿದ್ದಾಗಿನ ನಂಬರು, ಹಳೆಯ ಫೋನಿನ ನಂಬರು, ಎಲ್ಲವೂ ಅವಳಿಗೆ ಬಾಯಿಪಾಠ. ಒಲೀಟಾಳಿಗೆ ಗೊತ್ತಿಲ್ಲದ ಒಂದು ನಂಬರೂ ಅವನ ಬದುಕಿನಲ್ಲಿ ಇರಲಿಲ್ಲ. ಕೊನೆಗೆ ಬಾಯಿಗೆ ಬಂದ ಆರು ಅಂಕಿಗಳನ್ನು ಒತ್ತಿದ. ಮರೆತುಹೋದರೇನು ಗತಿ ಎಂದು ದಿಗಿಲಾಗಿ, ಅವನ್ನೇ ಮೆಲ್ಲಗೆ ಮತ್ತೆ ಮತ್ತೆ ಹೇಳಿಕೊಂಡ.

ಹೊರಗೆ ಬಂದರೆ ಜಗಲಿಯಲ್ಲಿ ಅವಳಿಲ್ಲ. ಚಪ್ಪಲಿ ಅಲ್ಲೇ ಬಿದ್ದಿತ್ತು. ಹುಲ್ಲುಗಾವಲಿನಾಚೆ, ದೂರದ ಗೇಟಿನ ಹತ್ತಿರ, ಬರಿಗಾಲಿನಲ್ಲಿ ಕಂಬ ಹಿಡಿದು ನಿಂತಿದ್ದಳು. ಗಾಬರಿಯಿಂದ ಓಡಿದ.

“ಆ ಕಾಲಲ್ಲಿ ಇಷ್ಟು ದೂರ ಯಾಕೆ ಬಂದೆ? ಏನಾಯ್ತು?”

ನೋವಿಗೆ ಅವಳ ಮುಖ ಬಿಳಿಚಿತ್ತು. ಉಸಿರು ಹಿಡಿದುಕೊಂಡು, ಅವನ ಎಡಗಿವಿಯ ಹತ್ತಿರ ಬಾಯಿ ತಂದು ಹೇಳಿದಳು: “ನೀನು ನಂಬರ್‌ನ ಕೂಗಿ ಕೂಗಿ ಹೇಳ್ತಿದ್ದೆ ಕಣೋ. ಕೇಳಿಸದೆ ಇರೋ ಜಾಗ ಹುಡುಕ್ತಾ ಹುಡುಕ್ತಾ ಇಲ್ಲೀತನಕ ಬಂದೆ.”

ಅವನು ಅವಳನ್ನು ತಬ್ಬಿ ಹಿಡಿದ.

“ಮೊದಲಿನ ಎರಡು ಅಂಕಿ ಕಿವಿಗೆ ಬಿದ್ಬಿಟ್ವು,” ಎಂದಳು ಅವನ ಭುಜದೊಳಗೆ. “ಹೋಗಿ ಇನ್ನೊಂದ್ಸಲ ಬದಲಾಯಿಸು. ನಾನು ಇಲ್ಲೇ ನಿಂತಿರ್ತೀನಿ.”