ಸೀರೆ ಉಟ್ಟ ಇಟಲಿ

ಅಡ್ಯಾರಿನ ಆ ಮನೆಯೊಡತಿಯನ್ನು ಎಲ್ಲರೂ ಮಾಮಿ ಅನ್ನುತ್ತಿದ್ದರು. ಅವರ ಮಾವ ಇಟಲಿ ನೋಡಿಬಂದ ಹುರುಪಿನಲ್ಲಿ ಕಟ್ಟಿಸಿದ ಮನೆ ಅದು: ಮೇಲೆ ಗುಮ್ಮಟ, ಮುಂದೆ ಆನೆಕಾಲಿನಂಥ ಕಂಬಗಳು, ಬಾಗಿಲ ಪಕ್ಕ ಮೈಮೇಲೆ ಬಟ್ಟೆಯಿಲ್ಲದ ಅಮೃತಶಿಲೆಯ ಸುಂದರಿ. "ಪಾವಂ, ಪಾಪ, ಅವಳಿಗೂ ಮಾನ ಬೇಡವಾ?" ಎನ್ನುತ್ತ ಮಾಮಿ ಪ್ರತಿ ಶುಕ್ರವಾರ ಅವಳಿಗೆ ಒಗೆದ ಸೀರೆ ಉಡಿಸಿ, ಸೆರಗು ಸರಿಮಾಡಿ, ಹೂ ಮುಡಿಸುತ್ತಿದ್ದರು.

ಮಾಮಿ ಎಂಬ ಹೆಸರು ಬಿಟ್ಟರೆ ಇದೊಂದೂ ಗೊತ್ತಿಲ್ಲದೆ ನಾನು ಬಾಡಿಗೆಗೆ ರೂಮು ಕೇಳಲು ಹೋದೆ. ಮದುವೆಯಾಗದವನು, ಸಾಲದ್ದಕ್ಕೆ ಕೋಡಂಬಾಕ್ಕಂ ಸಿನಿಮಾ ಸ್ಟುಡಿಯೋದಲ್ಲಿ ಕೆಲಸ. ಊರೆಲ್ಲ ಮುಖಕ್ಕೆ ಬಾಗಿಲು ಹಾಕಿತ್ತು. ಇದೂ ತಪ್ಪಿದರೆ ಮರೀನಾದ ಮರಳೇ ಹಾಸಿಗೆ. ಸಂಜೆಗತ್ತಲಲ್ಲಿ ಸೀರೆ ಕಂಡದ್ದೇ ತಡ, "ಮಾಮಿ, ನೀವೇ ಗತಿ!" ಎಂದು ಉದ್ದಂಡ ನಮಸ್ಕಾರ ಹಾಕಿದೆ. ಹಣೆ ಕಲ್ಲುಪಾದಕ್ಕೆ ಬಡಿದು ಇಟಲಿಯ ನಕ್ಷತ್ರಗಳೆಲ್ಲ ಕಂಡವು.

ಬೆನ್ನ ಹಿಂದೆ ಯಾರೋ ನಕ್ಕರು. "ಅಯ್ಯೋ, ಮಾಮಿ ಇಲ್ಲಿದೀನಪ್ಪಾ, ಎದ್ದೇಳು."

ರೂಮಿನ ಆಸೆ ಬಿಟ್ಟು, ಹಣೆ ಉಜ್ಜಿಕೊಳ್ಳುತ್ತ ಗೇಟಿನತ್ತ ಹೊರಟೆ.

"ಎಲ್ಲಿಗೆ ಓಡ್ತೀಯಾ? ರೂಮ್ ಕೇಳ್ಕೊಂಡು ಬಂದ ಹುಡುಗರೆಲ್ಲ ಇವಳ ಸೆರಗೊಳಗೆ ಇಣುಕಿದೋರೇ. ಕಾಲಿಗೆ ಬಿದ್ದೋನು ನೀನೊಬ್ಬನೇ. ಹೋಗು, ಪೆಟ್ಟಿಗೆ ತಗೊಂಡು ಬಾ."