ಕುಂಡದ ಬ್ಲೂಬೆರಿ ಹಳದಿಯಾದದ್ದು

ಮನುಷ್ಯನ ನಾಗರಿಕತೆ ನಿಂತಿರುವುದೇ ನೆರೆಹೊರೆಯ ಮೇಲಿನ ನಂಬಿಕೆಯಿಂದ. ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಮಾತ್ರ ನಾನು ಒಡೆದ ಗಾಜು ಚುಚ್ಚಿಸಿದ್ದೇನೆ.

ಕ್ಯಾಸಂಬಳ್ಳಿಯ ಅಕ್ಕ ಚಿನ್ನದ ಗಣಿಯ ನಂದಿದುರ್ಗದ ನಮ್ಮ ಮನೆಗೆ ಬಂದು ನಿಂತ ವರ್ಷ, ಸಕ್ಕರೆ ಕಾಯಿಲೆ ಎಂದು ಡಾಕ್ಟರು ಅವಳಿಗೆ ಮಾವಿನಹಣ್ಣು ತಿನ್ನುವುದನ್ನು ಬಿಡಿಸಿದರು. ಬ್ಲೂಬೆರಿಯನ್ನಾದರೆ ಒಂದು ಹಿಡಿ ತಿನ್ನಬಹುದಂತೆ. ಬೇಸಿಗೆಗೆ ಮನೆಯ ಹಣ್ಣನ್ನೇ ಕೊಡುತ್ತೇನೆಂದು ಮಾತು ಕೊಟ್ಟು, ಬಂಗಾರಪೇಟೆಯ ನರ್ಸರಿಯಿಂದ ಎರಡು ಗಿಡ ತಂದು ಹಿತ್ತಲಿನ ಕುಂಡಗಳಲ್ಲಿ ಪ್ರತಿಷ್ಠಾಪಿಸಿದೆ. ಹುಳಿ ಮಣ್ಣಿಲ್ಲದಿದ್ದರೆ ಇವು ಬದುಕುವುದಿಲ್ಲ ಎಂದು ನರ್ಸರಿಯವನು ಅಂಥದ್ದೇ ಮಣ್ಣನ್ನೂ ಚೀಲದಲ್ಲಿ ತುಂಬಿ ಕೊಟ್ಟಿದ್ದ.

ತಿಂಗಳೊಳಗೆ ಎಲೆ ಹಳದಿಯಾಯಿತು. ಮೊದಲು ನರ್ಸರಿಯವನನ್ನು ಶಂಕಿಸಿದೆ. ಚೀಲಕ್ಕೆ ಕೆರೆ ಮಣ್ಣು ತುಂಬಿರಬಹುದು. ಆಮೇಲೆ ಬೋರ್‌ವೆಲ್ ನೀರನ್ನು. ಅಷ್ಟರಲ್ಲಿ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ, “ಸಾರ್, ಗಿಡಕ್ಕೆ ಕಾಮಾಲೆ ಬಂದಂಗದೆ” ಎಂದರು. ಇವರಿಗೆ ನಮ್ಮ ಗಿಡದ ಮೇಲೇಕೆ ಇಷ್ಟು ಕಣ್ಣು?

“ನಿಮ್ಮ ಸೋಪಿನ ನೀರು ಈ ಕಡೆ ಹರೀತಿಲ್ಲ ತಾನೇ?” ಎಂದೆ.

“ನಮ್ ನೀರು ನಮ್ ಬಾಳೆಗೇ ಸಾಲ್ದು ಸಾರ್.”

ಇಷ್ಟು ಸಲೀಸಾದ ಉತ್ತರ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಮಾರನೆಯ ಬೆಳಗ್ಗೆ ಕಾಫಿ ಲೋಟದೊಂದಿಗೆ ಬಚ್ಚಲ ಕಿಟಕಿಯ ಹಿಂದೆ ಕಾವಲು ಕೂತೆ. ಗೋಡೆಯ ಕಡೆಯಿಂದ ಯಾರೂ ಬರಲಿಲ್ಲ. ಅಕ್ಕ ನೀರೊಲೆಯಿಂದ ಮೊರದ ತುಂಬ ಬೂದಿ ತಂದು, ಎರಡೂ ಕುಂಡಗಳಿಗೆ ಭಕ್ತಿಯಿಂದ ಸುರಿದಳು.

“ಅಕ್ಕಾ, ಏನ್ ಮಾಡ್ತಿದ್ದೀಯ?”

“ಬೂದಿ ಆಕ್ತಿದೀನಿ ಕಣ್ಲಾ. ಕುಂಬಳಕ್ಕೆ, ಅವರೆಗೆ ಆಕಾಕಿಲ್ವಾ? ನೀನು ಬರೀ ನೀರು ಉಯ್ದು ಕುಂತ್ರೆ ಅಣ್ಣು ಬಿಡ್ತದಾ?”

“ದಿನಾ ಹಾಕ್ತೀಯಾ?”

“ತಂದ ದಿನದಿಂದ. ಮಾವಿನಣ್ಣಂತೂ ಮುಟ್ಟಂಗಿಲ್ಲ, ಇದಾದ್ರೂ ಬಿರ್ರನೆ ಬಿಡ್ಲಿ ಅಂತ.”

ಬೂದಿ ಮಣ್ಣಿನ ಹುಳಿಯನ್ನೇ ಕೊಲ್ಲುತ್ತದೆ ಎಂದು ಗಾಂಭೀರ್ಯದಿಂದ ವಿವರಿಸಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಉಳಿ ಮಣ್ಣಲ್ಲಿ ಸೀ ಅಣ್ಣು ಬಿಡ್ತದಾ? ಯಾವನ್ಲಾ ನಿನ್ನ ಕಿವಿಗೆ ಊವ ಮಡಗಿದ್ದು?”

ಐವತ್ತು ವರ್ಷ ಹೊಲ ಕಂಡವಳ ಎದುರು ಆರು ವಾರದ ತೋಟಗಾರ ಏನು ವಾದಿಸಿಯಾನು? ಬೂದಿ ಕೆರೆದು ತೆಗೆದು, ನರ್ಸರಿಯಿಂದ ಬೇರೆ ಮಣ್ಣು ತಂದು ತುಂಬಿದೆ. ನೀರೊಲೆಯ ಮೊರವನ್ನು ಅಟ್ಟಕ್ಕೇರಿಸಿದೆ. ಪಕ್ಕದವರ ಕ್ಷಮೆ ಕೇಳಬೇಕೆಂದುಕೊಂಡೆ, ಆದರೆ ಅವರ ಬಚ್ಚಲ ಕಾಲುವೆ ಯಾವ ಕಡೆಗೆ ಇಳಿಜಾರು ಎಂಬುದನ್ನು ಮೊದಲು ನೋಡಿಕೊಂಡೆ.

ಒಂದು ಗಿಡ ಸತ್ತಿತು. ಇನ್ನೊಂದು ಮೇ ತಿಂಗಳಲ್ಲಿ ಹನ್ನೊಂದು ಹಣ್ಣು ಬಿಟ್ಟಿತು. ಹನ್ನೊಂದನ್ನೂ ಅಕ್ಕ ತಿಂದಳು.