ಮೂರು ಗುಡ್ಡದ ಸುತ್ತು

ಆಗ ನಮ್ಮೂರಿನ ಹೆಣ್ಣುಮಕ್ಕಳಿಗೆ ಬೇಸಿಗೆ ರಜೆ ಅಂದರೆ ಮನೆಗೆಲಸ ಇನ್ನಷ್ಟು ಹೆಚ್ಚು ಅಂತ ಅರ್ಥ. ನನಗೂ ಪದ್ದಕ್ಕನಿಗೂ ಮಾತ್ರ ಹಾಗಿರಲಿಲ್ಲ. ನಮಗೆ ಕೆಂಪತ್ತೆ ಇದ್ದಳು.

ಪದ್ದಕ್ಕ ನನ್ನ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಕೆಂಪತ್ತೆ ನಮ್ಮಿಬ್ಬರ ಅಪ್ಪಂದಿರ ತಂಗಿ. ಗಂಡ ತೀರಿಕೊಂಡ ಮೇಲೆ ನಾಲ್ಕಾರು ಆಡು ಹೊಡೆದುಕೊಂಡು ತವರಿಗೆ ಬಂದವಳು ಇಲ್ಲೇ ಉಳಿದಿದ್ದಳು. ಮಳವಳ್ಳಿ ದಾಟಿ ಶಿವನಸಮುದ್ರದ ಕಡೆ ಹೋಗುವಾಗ ಸಿಗುವ ಊರು ನಮ್ಮದು. ಊರ ಬೆನ್ನಿಗೆ ಒಂದರ ಪಕ್ಕ ಒಂದು ಮೂರು ಗುಡ್ಡ. ಕೆರೆ ಏರಿ ಮೇಲೆ ಹೊರಟು ಮೂರನ್ನೂ ಹತ್ತಿಳಿದರೆ ಊರಿನ ಇನ್ನೊಂದು ತುದಿಗೆ, ರೈಸ್ ಮಿಲ್ಲಿನ ಹತ್ತಿರ ಬಂದು ಸೇರುತ್ತಿದ್ದೆವು. ದಿನಾ ಅದೇ ಸುತ್ತು.

"ಬನ್ರಮ್ಮಿ, ಒತ್ತಾಯ್ತು. ಆಡು ಮುಂದ್ಕೋದೊ" ಅಂತ ಕೆಂಪತ್ತೆ ಬೀದಿಯಿಂದಲೇ ಕೂಗುತ್ತಿದ್ದಳು. ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಓಡುತ್ತಿದ್ದೆವು. ಮೊದಲನೆಯದು ಬೋಳು ಗುಡ್ಡ. ಅದರ ನೆತ್ತಿಯ ಬಂಡೆ ಮೇಲೆ ತಂಗಡಿ ಸೊಪ್ಪು ಹಾಸಿಕೊಂಡು ಜಾರುತ್ತಿದ್ದೆವು. ಲಂಗದ ಹಿಂಭಾಗ ಸವೆದು ಜಾಲರಿಯಾಗಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೆವು. ಎರಡನೆಯದರ ಮೇಲೆ ಕರೆಂಟಿನ ದೊಡ್ಡ ಕಂಬಗಳು, ಅಲ್ಲಿವರೆಗೆ ಒಂದು ಮಣ್ಣಿನ ಗಾಡಿದಾರಿ. ತಂತಿ ಗುಂಯ್ ಅನ್ನುವುದು ಅರ್ಧ ದಾರಿಗೇ ಕೇಳುತ್ತಿತ್ತು. ಅಲ್ಲಿ ನಿಂತರೆ ಕೆಳಗಿನ ಆಲೆಮನೆಯ ಬೆಲ್ಲದ ವಾಸನೆ ಗಾಳಿಯ ಜೊತೆ ಮೇಲೆ ಬರುತ್ತಿತ್ತು. ಮೂರನೆಯದರಲ್ಲಿ ಬೇಲದ ಮರಗಳು. ಹಣ್ಣನ್ನು ಕಲ್ಲಿಗೆ ಕುಟ್ಟಿ, ಬೆಲ್ಲ ಕಲಸಿ, ಬೆರಳಲ್ಲಿ ಬಾಚಿ ತಿನ್ನುತ್ತಿದ್ದೆವು. ಮನೆಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದ ಪದ್ದಕ್ಕ ಅಲ್ಲಿ ಗಂಟಲು ಬಿಟ್ಟು ಹಾಡುತ್ತಿದ್ದಳು. ಊರಿನಲ್ಲಿ ಅವಳ ದನಿ ಅಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಿರಲಿಲ್ಲ.

ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ಒಂದು ಬೆಳಿಗ್ಗೆ ಎರಡನೇ ಗುಡ್ಡದ ಮೇಲೆ ನಾವಿಬ್ಬರೇ ಮುಂದಿದ್ದೆವು. ಕುಂಟುತ್ತಿದ್ದ ಒಂದು ಆಡಿನ ಜೊತೆ ಕೆಂಪತ್ತೆ ಹಿಂದೆ ಉಳಿದಿದ್ದಳು. ಕಂಬದ ಪಕ್ಕದಲ್ಲಿ ಮೋಟರ್ ಬೈಕು ನಿಲ್ಲಿಸಿಕೊಂಡು ಮಿಲ್ಲಿನವರ ಮಗ ಕೂತಿದ್ದ. ಮೀಸೆ ಬಂದಿದ್ದ ಗಂಡಸು. ಎದ್ದು ಬಂದವನೇ ಪದ್ದಕ್ಕನ ಮುಂಗೈ ಹಿಡಿದ.

"ಬಾ ಅಮ್ಮಿ, ಗಾಡೀಲಿ ಒಂದ್ ರೌಂಡು ಓಗ್ಬರಾನ."

ಪದ್ದಕ್ಕ ಕೈ ಎಳೆದುಕೊಂಡಳು. ಅವನು ಬಿಡಲಿಲ್ಲ. ಬಳೆ ಒಡೆದು ಅವಳ ಮುಂಗೈಯಲ್ಲಿ ರಕ್ತ ಬಂತು. ನಾನು ಕಿರುಚಿದೆ. ಕೆಂಪತ್ತೆ ಅಷ್ಟು ಜೋರಾಗಿ ಓಡಿದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ಕೈ ಬುಡ್ಲಾ! ನಿಮ್ಮಪ್ಪನ್ ಮಿಲ್ಲಲ್ಲಿರೋ ಮೂಟೆ ಅಂದ್ಕಂಡಿದ್ದೀಯೇನ್ಲಾ?" ಅನ್ನುತ್ತಾ ಆಡು ಹೊಡೆಯುವ ಕೋಲಿನಿಂದ ಅವನ ಬೆನ್ನಿಗೆ ಎರಡು ಬಿಟ್ಟಳು. ಅವನು ಬೈಕು ಹತ್ತಿ ಓಡಿಹೋದ.

ಸಂಜೆ ಮಿಲ್ಲಿನ ಯಜಮಾನ ನಮ್ಮನೆ ಜಗಲಿಗೆ ಬಂದ. ಮಗ ಮಾಡಿದ್ದಕ್ಕೆ ತಪ್ಪು ಕೇಳಲು ಬಂದಿದ್ದಾನೆ ಅಂತ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕಾಫಿ ಕುಡಿದು ಲೋಟ ಕೆಳಗಿಟ್ಟು ಅವನು ಹೇಳಿದ್ದೇ ಬೇರೆ.

"ಉಡ್ಗಾಟ, ಏನೋ ಆಯ್ತು. ಅದ್ಕೆ ಒಬ್ಳು ಎಂಗ್ಸು ನನ್ ಮಗನ್ ಮ್ಯಾಲೆ ಕೈ ಮಾಡದಾ ಗೌಡ್ರೆ?"

ದೊಡ್ಡಪ್ಪ ಒಳಗೆ ತಿರುಗಿ, "ಕೆಂಪಿ, ಬಾ ಇಲ್ಲಿ. ತಪ್ಪಾಯ್ತು ಅನ್ನು" ಅಂದರು.

ಕೆಂಪತ್ತೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. "ನಾನ್ಯಾಕಣ್ಣ ಅನ್ಲಿ? ಮಗಿನ್ ಕೈಲಿ ರಕ್ತ ಬಂದದೆ, ನೋಡ್ದಾ ನೀನು? ಅವ್ನು ಇನ್ನೊಂದ್ ಕಿತ ಮುಟ್ಟುದ್ರೆ ಇನ್ನೆರ್ಡು ಬೀಳ್ತವೆ" ಅಂದು ಒಳಗೆ ಹೋದಳು.

ದೊಡ್ಡಪ್ಪ ಪದ್ದಕ್ಕನ ಕೈ ನೋಡಲೇ ಇಲ್ಲ. ಕಡೆಗೆ ಮಿಲ್ಲಿನವನಿಗೆ ತಾವೇ ಕೈ ಮುಗಿದರು. ನಮ್ಮಪ್ಪ ಗೋಡೆಗೆ ಒರಗಿ ತಮ್ಮ ಕಾಲ ಹೆಬ್ಬೆರಳು ನೋಡುತ್ತಾ ಕೂತಿದ್ದರು. ಅವನು ಹೋದ ಮೇಲೆ ದೊಡ್ಡಪ್ಪನ ತೀರ್ಪು ಬಂತು, ಅದೂ ನಮಗೇ.

"ಇನ್ಮ್ಯಾಲೆ ಎಣ್ಮಕ್ಳು ಗುಡ್ಡ ಗಿಡ್ಡ ಅಂತ ಓಗಂಗಿಲ್ಲ. ಪದ್ದಿ ಇಸ್ಕೂಲೂ ಸಾಕು. ನಾಕ್ ಜನ ಆಡ್ಕಂಡ್ರೆ ನಾಳೆ ಯಾವನ್ ಬತ್ತಾನೆ ಇವಳ್ನ ಕೇಳ್ಕಂಡು?"

"ಕೈ ಇಡ್ದೋನು ಅವ್ನಲ್ವಾ ದೊಡ್ಡಪ್ಪ?" ಅಂದೆ ನಾನು. ಅವ್ವ ನನ್ನ ಬಾಯಿ ಮೇಲೆ ಹೊಡೆದಳು. ಆ ಏಟಿಗಿಂತ, ಹೊಡೆದವಳ ಕಣ್ಣಲ್ಲೇ ನೀರು ತುಂಬಿದ್ದು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ಸಂತೆಗೆ ಕೆಂಪತ್ತೆಯ ಆಡುಗಳನ್ನು ದೊಡ್ಡಪ್ಪ ಮಳವಳ್ಳಿಗೆ ಹೊಡೆದುಕೊಂಡು ಹೋಗಿ ಮಾರಿಬಂದರು. ಅವಳನ್ನು ಒಂದು ಮಾತೂ ಕೇಳಲಿಲ್ಲ. ಆಡಿಲ್ಲದಿದ್ದರೆ ಗುಡ್ಡದಲ್ಲಿ ಅವಳಿಗೇನು ಕೆಲಸ ಅನ್ನುವ ಲೆಕ್ಕ.

ಮಾರನೇ ದಿನ ಕೆಂಪತ್ತೆ ಕೋಲು ಹಿಡಿದು ಬೀದಿಗಿಳಿದಳು.

"ಎತ್ಲಾಗೆ?" ಅಂದರು ದೊಡ್ಡಪ್ಪ.

"ಆಡ್ ಮಾರ್ಬುಟ್ಟೆ, ಸರಿ. ಕಾಲು ನನ್ವೇ ಕಣಣ್ಣ."

ನಾನು, ಪದ್ದಕ್ಕ ಮಾಳಿಗೆ ಹತ್ತಿ ನೋಡಿದೆವು. ಅವಳ ಹಸಿರು ಸೀರೆ ಕೆರೆ ಏರಿ ದಾಟಿತು, ಬೋಳು ಗುಡ್ಡ ಹತ್ತಿತು, ಆಚೆ ಇಳಿದು ಮರೆಯಾಯಿತು. ಊಟದ ಹೊತ್ತಿಗೆ ಬೇಲದ ಗುಡ್ಡದಿಂದ ಇಳಿದು, ಮಿಲ್ಲಿನ ಮುಂದೆ ಕೂತಿದ್ದ ಗಂಡಸರ ನಡುವೆಯೇ ನಡೆದು ಮನೆಗೆ ಬಂದಳು. ಕಾಲು ನಡೆಯುವವರೆಗೂ ದಿನಾ ಹಾಗೇ ಹೋಗಿಬಂದಳು. ಊರು ಅವಳಿಗೆ ಹುಚ್ಚಿ ಅಂತ ಹೆಸರಿಟ್ಟಿತು. ನಮ್ಮನ್ನು ಮಾತ್ರ ಜೊತೆಗೆ ಕಳಿಸಲಿಲ್ಲ. ಆ ಮೊದಲ ದಿನ ಮಾಳಿಗೆಯಿಂದ ಇಳಿಯುವಾಗ ಪದ್ದಕ್ಕ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ, ಅವಳ ಉಗುರಿನ ಗುರುತು ಸಂಜೆಯಾದರೂ ಇತ್ತು.

ಊರಿನಲ್ಲಿ ಇರುವುದೇ ಬೇಡ ಅಂತ ನನ್ನನ್ನು ಮಂಡ್ಯದ ಹಾಸ್ಟೆಲಿಗೆ ಸೇರಿಸಿದರು; ಓದಿದೆ. ಹತ್ತನೇ ಕ್ಲಾಸಿಗೆ ಹೋಗಬೇಕಿದ್ದ ಪದ್ದಕ್ಕ ಅಡುಗೆಮನೆ ಸೇರಿದಳು. ಇನ್ನೂ ಹದಿನೆಂಟು ತುಂಬಿರಲಿಲ್ಲ, ಬೆಸಗರಹಳ್ಳಿ ಕಡೆಗೆ ಮದುವೆ ಮಾಡಿಕೊಟ್ಟರು. ಅವಳ ಕೈ ಹಿಡಿದೆಳೆದವನು ಈಗ ಊರಿಗೆ ದೊಡ್ಡ ಮನುಷ್ಯ. ಶಾಲೆಯಲ್ಲಿ ಬಾವುಟ ಹಾರಿಸಿ, ಹೆಣ್ಣುಮಕ್ಕಳನ್ನು ಓದಿಸಬೇಕು ಅಂತ ಭಾಷಣ ಮಾಡುತ್ತಾನೆ. ಜನ ಚಪ್ಪಾಳೆ ಹೊಡೆಯುತ್ತಾರೆ.

ಹೋದ ಬೇಸಿಗೆಯಲ್ಲಿ ಇಬ್ಬರೂ ಊರಿನಲ್ಲಿ ಸೇರಿದ್ದೆವು. "ಬಾ ಅಕ್ಕ, ಒಂದು ಸುತ್ತು ಹೋಗಿಬರಾಣ. ಈಗ ಕೇಳೋರು ಯಾರಿದ್ದಾರೆ?" ಅಂದೆ. ಕೆರೆ ಏರಿವರೆಗೂ ಬಂದಳು. ಮಂಡಿ ನೋವು, ಅಲ್ಲೇ ಕಲ್ಲಿನ ಮೇಲೆ ಕೂತಳು. ಗುಡ್ಡ ಮೂರೂ ಎದುರಿಗೇ ಇದ್ದವು. ನಡೆಯುವವರಿಲ್ಲದೆ ದಾರಿಯನ್ನು ಲಾಂಟಾನದ ಪೊದೆ ಮುಚ್ಚಿತ್ತು. ಬಗ್ಗಿ ನುಗ್ಗಿ ಹೋದರೆ ಈಗಲೂ ಹೋಗಬಹುದೇನೋ.

"ಒಂದು ಹಾಡಾದರೂ ಹೇಳಕ್ಕ" ಅಂದೆ.

ಗುಡ್ಡದ ಕಡೆ ತಿರುಗಿ ಮಂಡಿ ನೀವಿಕೊಂಡಳು.

"ಒಂದೂ ಗ್ಯಪ್ತಿಗೆ ಬರಾಕಿಲ್ಲ ಕಣಮ್ಮಿ" ಅಂದಳು.